ಶುಗರ್, ಬೀಡಿ ಮತ್ತು ಕಾಲಿನ ರಕ್ತನಾಳ: ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶುಗರ್ ಇರುವವರ ಪಾದದ ಗಾಯ ತೊಳೆದು ಡ್ರೆಸಿಂಗ್ ಮಾಡುವುದು ನನ್ನ ಕೆಲಸ. ದಾವಣಗೆರೆ, ಹರಿಹರ, ಜಗಳೂರು, ಚನ್ನಗಿರಿ, ಆ ಕಡೆ ಹೊಳಲ್ಕೆರೆಯಿಂದಲೂ ಜನ ಬರುತ್ತಾರೆ. ಪಟ್ಟಿ ಸುತ್ತುವಾಗ ಅವರೂ ಅವರ ಮನೆಯವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ಅವನ್ನೇ ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ಮನೆಯಲ್ಲೇ ಔಷಧಿ ಮಾಡಿಕೊಳ್ಳಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಹೇಳಬೇಕು, ಏನು ತೋರಿಸಬೇಕು ಅಂತ ಗೊತ್ತಾದರೆ ಸಾಕು.

ಕಾಲಿನ ರಕ್ತನಾಳದ ಕಾಯಿಲೆ ಅಂದರೆ ಏನು?

ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಹೊಕ್ಕುಳಿನ ಮಟ್ಟಕ್ಕೆ ಬಂದಾಗ ಎರಡಾಗಿ ಕವಲೊಡೆಯುತ್ತದೆ. ಒಂದೊಂದು ಕವಲು ಒಂದೊಂದು ಕಾಲಿಗೆ. ಅದು ತೊಡೆಯಲ್ಲಿ ಇಳಿದು, ಮಂಡಿಯ ಹಿಂದೆ ಹಾದು, ಮಂಡಿಯ ಕೆಳಗೆ ಮೂರು ಸಣ್ಣ ನಾಳಗಳಾಗಿ ಪಾದ ಮುಟ್ಟುತ್ತದೆ. ಈ ದಾರಿಯಲ್ಲಿ ಎಲ್ಲಾದರೂ ಒಳಗೋಡೆಗೆ ಕೊಬ್ಬು, ಕ್ಯಾಲ್ಸಿಯಂ ಕಟ್ಟಿಕೊಂಡು ದಾರಿ ಕಿರಿದಾದರೆ ಕೆಳಗಿನ ಭಾಗಕ್ಕೆ ರಕ್ತ ಸಾಲದು. ಡಾಕ್ಟರು ಚೀಟಿಯಲ್ಲಿ ಪಿ.ಎ.ಡಿ. ಅಂತ ಬರೆಯುವುದು ಇದನ್ನೇ. ಪ್ರಪಂಚದಲ್ಲಿ 20 ಕೋಟಿಗಿಂತ ಜಾಸ್ತಿ ಜನರಿಗೆ ಇದು ಇದೆ.

ಹೃದಯದ ನಾಳ ಕಟ್ಟಿದರೆ ಹಾರ್ಟ್ ಅಟ್ಯಾಕ್, ಮೆದುಳಿನದು ಕಟ್ಟಿದರೆ ಲಕ್ವ. ಕಾಲಿನಲ್ಲಿ ಆಗುವುದೂ ಅದೇ ಕಾಯಿಲೆ, ಜಾಗ ಮಾತ್ರ ಬೇರೆ. ಕಾಲಿನ ನಾಳ ಕಟ್ಟಿದವರಲ್ಲಿ ಕಾಲು ಕಳೆದುಕೊಳ್ಳುವವರಿಗಿಂತ ಹಾರ್ಟ್ ಅಟ್ಯಾಕ್, ಲಕ್ವದಿಂದ ತೀರಿಕೊಳ್ಳುವವರೇ ಜಾಸ್ತಿ. ಆದ್ದರಿಂದ ಕಾಲಲ್ಲಿ ಕಂಡುಬಂದರೆ ಎದೆಯನ್ನೂ ತೋರಿಸಿಕೊಳ್ಳಬೇಕು.

ಇನ್ನೊಂದು ಮಾತು. ಮೀನಖಂಡದ ಮೇಲೆ ಹಾವಿನ ಹಾಗೆ ಉಬ್ಬಿ ಕಾಣುವ ನೀಲಿ ನರಗಳು ಬೇರೆ ಕಾಯಿಲೆ. ಅದು ರಕ್ತ ವಾಪಸ್ ಹೋಗುವ ನಾಳದ ತೊಂದರೆ. ಜನ ಎರಡನ್ನೂ ಒಂದೇ ಅಂದುಕೊಂಡು ಕಾಲಿಗೆ ಬಿಗಿ ಸಾಕ್ಸ್ ಹಾಕಿಕೊಂಡು ಬರುತ್ತಾರೆ. ಕೆಳಕ್ಕೆ ರಕ್ತವೇ ಬರದ ಕಾಲಿಗೆ ಬಿಗಿ ಸಾಕ್ಸ್ ಹಾಕಿದರೆ ಅಪಾಯ.

ಬೀಡಿ, ಸಿಗರೇಟ್ ಅಂದರೆ ಶ್ವಾಸಕೋಶದ ವಿಷಯ ಅಲ್ವಾ? ಕಾಲಿಗೇನು ಸಂಬಂಧ?

ಹೊಗೆ ಶ್ವಾಸಕೋಶದಲ್ಲೇ ಉಳಿಯುವುದಿಲ್ಲ. ಸೆಕೆಂಡುಗಳಲ್ಲಿ ರಕ್ತಕ್ಕೆ ಸೇರುತ್ತದೆ, ರಕ್ತ ಹೋದ ಕಡೆಗೆಲ್ಲ ಹೋಗುತ್ತದೆ.

ಮೊದಲು ನಿಕೋಟಿನ್. ಅದು ಒಳಗೆ ಹೋದ ತಕ್ಷಣ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಸೇದಿ ಮುಗಿಸಿದವರ ಕೈಬೆರಳು ಮುಟ್ಟಿ ನೋಡಿ, ಎಷ್ಟೋ ಸಲ ತಣ್ಣಗಿರುತ್ತದೆ. ಆಮೇಲೆ ಕಾರ್ಬನ್ ಮಾನಾಕ್ಸೈಡ್. ಕೆಂಪು ರಕ್ತಕಣಕ್ಕೆ ಅಂಟಿಕೊಳ್ಳುವುದರಲ್ಲಿ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಜೋರು. ಹಾಗಾಗಿ ಕಿರಿದಾದ ನಾಳದಲ್ಲಿ ಹೇಗೋ ನುಸುಳಿ ಪಾದಕ್ಕೆ ಬಂದ ಅಷ್ಟಿಷ್ಟು ರಕ್ತದಲ್ಲೂ ಆಕ್ಸಿಜನ್ ಕಡಿಮೆ. ಮೂರನೆಯದು ನಿಧಾನವಾಗಿ ಆಗುವ ಹಾನಿ. ನಾಳದ ಒಳಪದರ ನುಣುಪಾಗಿದ್ದು, ಬೇಕಾದಾಗ ಹಿಗ್ಗುವಂತಿರಬೇಕು. ಹೊಗೆಯಲ್ಲಿರುವ ವಿಷಗಳು ಆ ಪದರವನ್ನೇ ಕೆಡಿಸುತ್ತವೆ. ಅಲ್ಲಿ ಕೊಬ್ಬು ಕೂರುತ್ತದೆ. ರಕ್ತ ಬೇಗ ಹೆಪ್ಪುಗಟ್ಟುವ ಗುಣ ಬೆಳೆಸಿಕೊಳ್ಳುತ್ತದೆ.

ಹೃದಯಕ್ಕೂ ಇದೆಲ್ಲ ಕೆಟ್ಟದ್ದೇ. ಆದರೆ ಕಾಲಿನ ನಾಳಕ್ಕೆ ತಂಬಾಕಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಅದರ ಪೆಟ್ಟು ಜಾಸ್ತಿ ಬೀಳುವುದು ಮೇಲಿನ ದೊಡ್ಡ ನಾಳಗಳಿಗೆ, ಅಂದರೆ ಹೊಟ್ಟೆಯ ಕೆಳಗೆ ಮತ್ತು ತೊಡೆಯಲ್ಲಿ. ಮೇಲೆಯೇ ಕಟ್ಟಿಕೊಂಡಾಗ ಗಂಡಸರಿಗೆ ಲೈಂಗಿಕ ದೌರ್ಬಲ್ಯವೂ ಬರಬಹುದು. ನಾಚಿಕೆಯಿಂದ ಇದನ್ನು ಯಾರೂ ಬಾಯಿಬಿಡುವುದಿಲ್ಲ. ಡಾಕ್ಟರಿಗೆ ಹೇಳಿ, ಅವರಿಗೆ ಅದು ಮುಖ್ಯವಾದ ಸುಳಿವು.

ಶುಗರ್ ಏನು ಮಾಡುತ್ತದೆ?

ಶುಗರ್ ಕೂಡ ಒಳಪದರವನ್ನು ಕೆಡಿಸುತ್ತದೆ, ಕೊಬ್ಬು ಕೂರಿಸುತ್ತದೆ. ಆದರೆ ಅದರ ಕೈವಾಡ ಹೆಚ್ಚು ಕಾಣುವುದು ಮಂಡಿಯ ಕೆಳಗಿನ ಮೂರು ಸಣ್ಣ ನಾಳಗಳಲ್ಲಿ. ಒಂದು ಕಡೆ ಮಾತ್ರ ಕಟ್ಟಿಕೊಳ್ಳದೆ, ಉದ್ದಕ್ಕೂ ಅಲ್ಲಲ್ಲಿ ಕಟ್ಟಿಕೊಳ್ಳುತ್ತದೆ. ಜೊತೆಗೆ ನಾಳದ ಗೋಡೆಯ ನಡುಪದರದಲ್ಲಿ ಕ್ಯಾಲ್ಸಿಯಂ ತುಂಬಿ ನಾಳ ಗಟ್ಟಿಯಾಗುತ್ತದೆ. ಎಕ್ಸ್‌ರೇ ತೆಗೆದರೆ ಪಾದದಲ್ಲಿ ಬಿಳಿ ಗೆರೆಯಾಗಿ ಕಾಣುವಷ್ಟು.

ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ನಡೆದ ಯು.ಕೆ.ಪಿ.ಡಿ.ಎಸ್. ಅಧ್ಯಯನದಲ್ಲಿ, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 1 ಅಂಶ ಏರಿದರೆ ಕಾಲಿನ ನಾಳದ ಕಾಯಿಲೆಯ ಅಪಾಯ ಶೇಕಡಾ 28ರಷ್ಟು ಏರುತ್ತದೆ ಅಂತ ಕಂಡುಬಂತು. 7 ಇದ್ದದ್ದು 9 ಆಗಿದೆ, ಆದರೂ ಮೈಯಲ್ಲಿ ಏನೂ ಗೊತ್ತಾಗುತ್ತಿಲ್ಲ ಅನ್ನುವವರು ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಶುಗರ್ ಮಾಡುವ ಇನ್ನೊಂದು ಕೆಲಸ ನನ್ನ ಪ್ರಕಾರ ಇದಕ್ಕಿಂತ ಕೆಟ್ಟದ್ದು. ಅದು ಪಾದದ ನರಗಳನ್ನು ಕೊಲ್ಲುತ್ತದೆ. ನೋವು ತಿಳಿಯುವುದಿಲ್ಲ, ಬಿಸಿ ತಿಳಿಯುವುದಿಲ್ಲ. ಬೆವರು ಬರದೆ ಹಿಮ್ಮಡಿ ಒಣಗಿ ಸೀಳು ಬಿಡುತ್ತದೆ. ಆ ಸೀಳಿನಿಂದ ರೋಗಾಣು ಒಳಗೆ ಹೋಗಿ ಕೀವಾಗುತ್ತದೆ.

ಶುಗರ್ರೂ ಇದೆ, ಬೀಡಿಯೂ ಸೇದುತ್ತಾರೆ. ಎರಡೂ ಸೇರಿದರೆ?

ಶುಗರ್ ಒಂದೇ ಇದ್ದರೂ ಕಾಲಿನ ನಾಳದ ಕಾಯಿಲೆಯ ಅಪಾಯ ಎರಡರಿಂದ ನಾಲ್ಕು ಪಟ್ಟು ಏರುತ್ತದೆ. ತಂಬಾಕಿನದೂ ಕಡಿಮೆಯಿಲ್ಲ. ಎರಡೂ ಒಬ್ಬರಲ್ಲೇ ಇದ್ದರೆ ಕಾಲು ಎರಡು ಕಡೆಯಿಂದ ಏಟು ತಿನ್ನುತ್ತದೆ.

ಭದ್ರಾ ನಾಲೆಯ ಕೊನೇ ಭಾಗದ ರೈತರ ಕಷ್ಟ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಮೇಲೆ ದೊಡ್ಡ ನಾಲೆಯಲ್ಲಿ ಹೂಳು ತುಂಬಿದರೆ ಕೆಳಗೆ ನೀರು ಸಣ್ಣಗಾಗುತ್ತದೆ. ಕೆಳಗೆ ಹೊಲಗಾಲುವೆಯೂ ಮುಚ್ಚಿದ್ದರೆ ಬಂದ ಆ ಸ್ವಲ್ಪ ನೀರೂ ಗದ್ದೆಗೆ ಇಳಿಯುವುದಿಲ್ಲ. ಬೀಡಿ ಮೇಲಿನ ನಾಲೆ ಕಟ್ಟುತ್ತದೆ, ಶುಗರ್ ಕೆಳಗಿನ ಕಾಲುವೆ ಕಟ್ಟುತ್ತದೆ. ಕೊನೇ ಗದ್ದೆ ಅಂದರೆ ಕಾಲ್ಬೆರಳು.

ಇನ್ನೂ ಒಂದು ಕೊಂಡಿ ಇದೆ. ತಂಬಾಕು ಇನ್ಸುಲಿನ್ ಕೆಲಸವನ್ನೇ ಕುಂದಿಸುತ್ತದೆ. ಸೇದುವವರಿಗೆ ಟೈಪ್ 2 ಡಯಾಬಿಟಿಸ್ ಬರುವ ಸಾಧ್ಯತೆ ಸೇದದವರಿಗಿಂತ ಶೇಕಡಾ 30ರಿಂದ 40ರಷ್ಟು ಜಾಸ್ತಿ. ಬಂದ ಮೇಲೂ ಸೇದಿದರೆ ಶುಗರ್ ಹತೋಟಿಗೆ ತರುವುದು ಕಷ್ಟ.

ನಮ್ಮ ಯಜಮಾನರಿಗೆ ಕಾಲು ನೋವೇ ಇಲ್ಲ. ಅಂದರೆ ನಾಳ ಚೆನ್ನಾಗಿದೆ ಅಂತ ತಾನೇ?

ಅಲ್ಲ. ನಾನು ಇಷ್ಟೆಲ್ಲ ಬರೆಯಲು ಕಾರಣವೇ ಈ ಪ್ರಶ್ನೆ.

ಶುಗರ್ ಇಲ್ಲದವರಿಗೂ ಈ ಕಾಯಿಲೆ ಎಷ್ಟೋ ವರ್ಷ ಸದ್ದಿಲ್ಲದೆ ಇರಬಹುದು. ಶುಗರ್ ಇರುವವರಲ್ಲಂತೂ ಎಷ್ಟೋ ಸಲ ನರವೇ ಸತ್ತಿರುವುದರಿಂದ ನೋವಿನ ಸೂಚನೆ ಬರುವುದೇ ಇಲ್ಲ. ಅವರಿಗೆ ಮೊದಲ ಲಕ್ಷಣ ಅಂದರೆ ಮಾಯದ ಗಾಯ.

ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಒಬ್ಬರು ಬಂದಿದ್ದರು. "ಕಾಲು ವಾಸನೆ ಬರ್ತೈತಿ ಅಂತ ಸೊಸಿ ಕಳಿಸ್ಯಾಳ್ರೀ" ಅಂದರು. ಚಪ್ಪಲಿ ತೆಗೆಸಿದೆ. ಅಟ್ಟೆಯಲ್ಲಿ ಒಂದು ಸಣ್ಣ ಮೊಳೆ ಚುಚ್ಚಿಕೊಂಡು ಅದರ ತುದಿ ಒಳಗೆ ಎದ್ದಿತ್ತು. ಅಂಗಾಲಿನಲ್ಲಿ ಹೆಬ್ಬೆರಳ ಬುಡದ ಹತ್ತಿರ ಸರಿಯಾಗಿ ಅದೇ ಜಾಗದಲ್ಲಿ ತೂತು. ಯಾವಾಗ ಚುಚ್ಚಿತು ಅಂತ ಅವರಿಗೆ ಗೊತ್ತೇ ಇಲ್ಲ. ಗಾಯದ ತಳ ಬೂದು ಬಣ್ಣಕ್ಕೆ ತಿರುಗಿತ್ತು. ಸಲೈನ್ ಹಾಕಿ ತೊಳೆದರೂ, ಸತ್ತ ಚರ್ಮ ತೆಗೆದರೂ ಒಂದು ಹನಿ ರಕ್ತ ಜಿನುಗಲಿಲ್ಲ. ನನಗೆ ಹೆದರಿಕೆಯಾಗುವುದು ರಕ್ತ ಸುರಿಯುವ ಗಾಯ ಕಂಡಾಗ ಅಲ್ಲ, ಹೀಗೆ ರಕ್ತವೇ ಬಾರದ ಗಾಯ ಕಂಡಾಗ. ಅಂಗಿ ಜೇಬಿನಲ್ಲಿ ಬೀಡಿ ಕಟ್ಟು ಇತ್ತು. ಅವರು ಮಾತ್ರ ಪೂರ್ತಿ ಹೊತ್ತು ನಗುನಗುತ್ತಾ ಮಾತಾಡುತ್ತಿದ್ದರು, ಏಕೆಂದರೆ ನೋವಿಲ್ಲ.

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ವಯಸ್ಸಾದ ಮೇಲೆ ಇದು ಸಹಜ ಅಲ್ವಾ?

ಸಹಜ ಅಲ್ಲ. ನಡೆದಾಗ ಹಿಡಿಯುವುದು, ನಿಂತರೆ ಹತ್ತು ನಿಮಿಷದೊಳಗೆ ಬಿಡುವುದು, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುವುದು. ಈ ಮೂರೂ ಸರಿಯಾಗಿ ಹೊಂದಿದರೆ ರಕ್ತ ಸಾಲುತ್ತಿಲ್ಲ ಅಂತಲೇ ಮೊದಲು ಯೋಚಿಸಬೇಕು. ಚಿತ್ರದುರ್ಗದ ಕೋಟೆ ಮೆಟ್ಟಿಲು ಹತ್ತುವಾಗಲೋ, ಏರುದಾರಿಯಲ್ಲಿ ಸೈಕಲ್ ತಳ್ಳುವಾಗಲೋ ಇದು ಬೇಗ ಗೊತ್ತಾಗುತ್ತದೆ. ಎಷ್ಟೋ ಜನ ಅಂಗಡಿ ಮುಂದೆ ಏನೋ ನೋಡುವವರ ಹಾಗೆ ನಿಂತು ಸುಧಾರಿಸಿಕೊಂಡು ಮುಂದೆ ಹೋಗುತ್ತಾರೆ, ಮನೆಯಲ್ಲಿ ಮಾತ್ರ ಹೇಳುವುದಿಲ್ಲ.

ಮಂಡಿ ಸವೆದ ನೋವು ಬೇರೆ ತರಹ. ಅದು ಕೂತು ಏಳುವಾಗಲೇ ಬರುತ್ತದೆ. ಸೊಂಟದ ನರ ಒತ್ತಿ ಬರುವ ನೋವಿಗೆ ಸುಮ್ನೆ ನಿಂತರೆ ಸಾಲದು, ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು.

ಕಾಯಿಲೆ ಬಲಿತಾಗ ಮಲಗಿದರೂ ನೋವು. ರಾತ್ರಿ ಪಾದ, ಬೆರಳು ಸಿಡಿಯುತ್ತವೆ, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಸ್ವಲ್ಪ ಹಾಯೆನಿಸುತ್ತದೆ. ಮನೆಯ ಹಿರಿಯರು ರಾತ್ರಿಯೆಲ್ಲ ಕುರ್ಚಿಯಲ್ಲೇ ಕಾಲು ಇಳಿಬಿಟ್ಟು ಕೂರಲು ಶುರು ಮಾಡಿದ್ದಾರಾ? ಆ ವಾರವೇ ಕರೆದುಕೊಂಡು ಹೋಗಿ.

ಅಂಗಾಲು ಉರಿ, ಜೋಮು. ಇದೂ ಅದೇನಾ?

ಸಾಮಾನ್ಯವಾಗಿ ಇದು ನರದ ತೊಂದರೆ. ಆದರೆ ನರ ಕೆಟ್ಟವರಿಗೆ ನಾಳವೂ ಕೆಟ್ಟಿರಬಹುದು. ಒಂದಕ್ಕೆ ಮಾತ್ರೆ ತೆಗೆದುಕೊಂಡು ಇನ್ನೊಂದನ್ನು ಮರೆಯಬೇಡಿ.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನಿಂದ ನೇರ ಮೇಲಕ್ಕೆ ಬನ್ನಿ. ಪಾದದ ಅರ್ಧದಷ್ಟು ಬಂದಾಗ ಮೂರು ಬೆರಳನ್ನು ಹಗುರವಾಗಿ ಇಡಿ. ಒತ್ತಬೇಡಿ, ಒತ್ತಿದರೆ ನಾಳ ಮುಚ್ಚಿ ಬಡಿತ ಸಿಗುವುದಿಲ್ಲ. ಇನ್ನೊಂದು ಜಾಗ ಕಾಲಿನ ಒಳಬದಿಯ ಗಿಣ್ಣಿನ ಹಿಂದೆ, ಹಿಮ್ಮಡಿ ಕಡೆಗೆ ಇರುವ ತಗ್ಗು. ಎರಡು ಕಡೆಯೂ ಟಿಕ್ ಟಿಕ್ ಅಂತ ಬಡಿತ ಸಿಗಬೇಕು. ಹೆಬ್ಬೆರಳಿಂದ ಹಿಡಿಯಬೇಡಿ, ಅಲ್ಲಿ ನಿಮ್ಮದೇ ಬಡಿತ ಗೊತ್ತಾಗುತ್ತದೆ. ಪಾದದ ಮೇಲಿನ ಬಡಿತ ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ, ಹಾಗಾಗಿ ಒಂದು ಜಾಗದಲ್ಲಿ ಸಿಗಲಿಲ್ಲ ಅಂತ ಗಾಬರಿ ಬೇಡ. ಎರಡೂ ಜಾಗದಲ್ಲಿ ಇಲ್ಲ ಅಂದರೆ ತೋರಿಸಿ. ಸಿಕ್ಕಿತು ಅಂದ ಮಾತ್ರಕ್ಕೆ ಪರೀಕ್ಷೆ ಬೇಡ ಅಂತಲೂ ಅಲ್ಲ.

ಮಲಗಿಸಿ ಕಾಲನ್ನು ಒಂದು ನಿಮಿಷ ಮೇಲೆತ್ತಿ ಹಿಡಿದಾಗ ಅಂಗಾಲು ಬಿಳಿಚಿಕೊಳ್ಳುತ್ತದಾ, ಆಮೇಲೆ ಮಂಚದಿಂದ ಇಳಿಬಿಟ್ಟಾಗ ಕಡುಗೆಂಪಾಗುತ್ತದಾ ನೋಡಿ. ಹಾಗಾದರೆ ಅದು ಕೆಟ್ಟ ಸೂಚನೆ. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿರುವುದು, ಕಾಲಿನ ಕೂದಲು ಉದುರಿ ಚರ್ಮ ಮಿಣಮಿಣ ಅನ್ನುವುದು, ಉಗುರು ದಪ್ಪಗಾಗಿ ಬೆಳೆಯದೇ ಇರುವುದು, ಇವೂ ಸುಳಿವುಗಳೇ.

ಆಸ್ಪತ್ರೆಯಲ್ಲಿ ಏನು ಪರೀಕ್ಷೆ ಮಾಡುತ್ತಾರೆ?

ಮೊದಲನೆಯದು ಎ.ಬಿ.ಐ. ಸೂಜಿ ಇಲ್ಲ, ನೋವಿಲ್ಲ. ಹತ್ತು ನಿಮಿಷ ಅಂಗಾತ ಮಲಗಿಸಿ, ಎರಡೂ ತೋಳಿಗೆ, ಎರಡೂ ಕಾಲಿನ ಗಿಣ್ಣಿನ ಮೇಲೆ ಬಿ.ಪಿ. ಪಟ್ಟಿ ಕಟ್ಟುತ್ತಾರೆ. ಜೆಲ್ ಹಚ್ಚಿ ಪೆನ್ನಿನಂಥ ಡಾಪ್ಲರ್ ಇಟ್ಟಾಗ ರಕ್ತ ಹರಿಯುವ ಸದ್ದು ಝುಂಯ್ ಝುಂಯ್ ಅಂತ ಕೇಳುತ್ತದೆ. ಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸುತ್ತಾರೆ. ತೋಳಲ್ಲಿ 140, ಕಾಲಲ್ಲಿ 98 ಇದ್ದರೆ ಉತ್ತರ 0.70. ಒಂದರಿಂದ 1.40ರವರೆಗೆ ಸರಿ. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಇದೆ ಅಂತ ಅರ್ಥ. ನಡುವೆ ಬಂದರೆ ಅನುಮಾನ, ಮುಂದಿನ ಪರೀಕ್ಷೆ ಬೇಕು.

ಶುಗರ್ ಇರುವವರು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಕ್ಯಾಲ್ಸಿಯಂ ತುಂಬಿ ಗಟ್ಟಿಯಾದ ನಾಳವನ್ನು ಪಟ್ಟಿ ಅದುಮಲು ಆಗುವುದಿಲ್ಲ. ಆಗ ಸಂಖ್ಯೆ ಸುಳ್ಳು ಹೇಳುತ್ತದೆ, 1.40 ದಾಟಬಹುದು, ಅಥವಾ ಎಲ್ಲ ಸರಿಯಿದೆ ಅನ್ನುವ ಹಾಗೆ 1.1 ಬರಬಹುದು. ಅಂಥವರಿಗೆ ಕಾಲಿನ ಹೆಬ್ಬೆರಳಿನ ಬಿ.ಪಿ. ನೋಡಬೇಕು, ಏಕೆಂದರೆ ಬೆರಳಿನ ನಾಳ ಸಾಮಾನ್ಯವಾಗಿ ಅಷ್ಟು ಗಟ್ಟಿಯಾಗಿರುವುದಿಲ್ಲ. ಅದರ ಲೆಕ್ಕದಲ್ಲಿ 0.70 ಅಥವಾ ಕಡಿಮೆ ಬಂದರೆ ತೊಂದರೆ ಇದೆ. "ಎ.ಬಿ.ಐ. ನಾರ್ಮಲ್ ಅಂದರು, ಗಾಯ ಮಾತ್ರ ಮಾಯುತ್ತಿಲ್ಲ" ಅನ್ನುವವರು ಇದನ್ನು ಕೇಳಲೇಬೇಕು.

ನಾಳ ಎಲ್ಲಿ ಕಟ್ಟಿದೆ ಅಂತ ನೋಡಲು ಡಾಪ್ಲರ್ ಸ್ಕ್ಯಾನ್. ಆಪರೇಷನ್ ಯೋಚನೆ ಇದ್ದರೆ ಸಿ.ಟಿ. ಆಂಜಿಯೋಗ್ರಾಮ್. ಅದಕ್ಕೆ ಹಾಕುವ ಔಷಧಿ ಕಿಡ್ನಿಗೆ ಭಾರವಾಗಬಹುದು, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.

ಬೀಡಿ ಸಿಗರೇಟಿನಷ್ಟು ಕೆಟ್ಟದ್ದಲ್ಲ, ಎಲೆ ತಾನೇ? ದಿನಕ್ಕೆ ನಾಲ್ಕೇ ಸೇದೋದು.

ಒಂದು ಬೀಡಿಯಲ್ಲಿ ತಂಬಾಕು ಕಡಿಮೆ ಇರುವುದು ನಿಜ. ಆದರೆ ಅದಕ್ಕೆ ಫಿಲ್ಟರ್ ಇಲ್ಲ. ಎಲೆ ಸರಿಯಾಗಿ ಉರಿಯುವುದಿಲ್ಲ, ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹಾಗಾಗಿ ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್ ಒಳಗೆ ಹೋಗುವುದು ಸಿಗರೇಟಿಗಿಂತ ಜಾಸ್ತಿಯೇ. ಇನ್ನು ಲೆಕ್ಕದ ಮಾತು. ನಾಳದ ವಿಷಯದಲ್ಲಿ ಇಷ್ಟು ಸೇದಿದರೆ ತೊಂದರೆ ಇಲ್ಲ ಅನ್ನುವ ಮಟ್ಟವೇ ಇಲ್ಲ. ದಿನಕ್ಕೆ ಇಪ್ಪತ್ತು ಸೇದುತ್ತಿದ್ದವರು ನಾಲ್ಕಕ್ಕೆ ಇಳಿದಿದ್ದರೆ ನನಗೆ ಖುಷಿ, ಏಕೆಂದರೆ ಅವರಿಗೆ ಬಿಡುವ ಶಕ್ತಿ ಇದೆ ಅಂತಾಯಿತು. ಕಾಲಿಗೆ ಮಾತ್ರ ಸೊನ್ನೆಯೇ ಬೇಕು.

ಹೊಗೆಸೊಪ್ಪು, ಗುಟ್ಕಾ ಹಾಕಿದರೆ?

ಅದರಲ್ಲೂ ನಿಕೋಟಿನ್ ಇದೆ, ನಾಳ ಬಿಗಿಯುತ್ತದೆ. ಬಾಯಿ ಕ್ಯಾನ್ಸರ್ ಬೇರೆ. ಬೀಡಿ ಬಿಟ್ಟು ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಿಡಿದರೆ ಬಿಟ್ಟ ಹಾಗಾಗುವುದಿಲ್ಲ. ಹಾಗೆಯೇ ಮನೆಯೊಳಗೆ ಒಬ್ಬರು ಸೇದಿದರೆ ಪಕ್ಕದಲ್ಲಿ ಕೂತ ಹೆಂಗಸರು, ಮಕ್ಕಳ ಒಳಗೂ ಹೊಗೆ ಹೋಗುತ್ತದೆ. ಮನೆಯಾಕೆಗೆ ಶುಗರ್ ಇದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮಗನಿಗೆ ಇನ್ನೂ 35. ಶುಗರ್ ಇಲ್ಲ, ಕೊಲೆಸ್ಟ್ರಾಲ್ ಇಲ್ಲ. ಕಾಲ್ಬೆರಳು ಕಪ್ಪಾಗುತ್ತಿದೆ, ಬೀಡಿ ಸೇದುತ್ತಾನೆ.

ಇದು ಬರ್ಜರ್ ಕಾಯಿಲೆ ಇರಬಹುದು. 1908ರಲ್ಲಿ ನ್ಯೂಯಾರ್ಕಿನಲ್ಲಿ ಲಿಯೋ ಬರ್ಜರ್ ಅನ್ನುವ ಡಾಕ್ಟರು ಇದನ್ನು ವಿವರಿಸಿದರು, ಅದಕ್ಕೇ ಆ ಹೆಸರು. ಕೊಬ್ಬು ಕಟ್ಟಿ ಬರುವ ಕಾಯಿಲೆ ಅಲ್ಲ, ಕೈಕಾಲಿನ ಸಣ್ಣ, ಮಧ್ಯಮ ನಾಳಗಳು ಊದಿಕೊಂಡು ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಬರುವುದು ಹೆಚ್ಚಾಗಿ 45-50 ವರ್ಷಕ್ಕಿಂತ ಕಡಿಮೆ ವಯಸ್ಸಿನ, ತಂಬಾಕು ಚಟ ಇರುವ ಗಂಡಸರಿಗೆ. ನಮ್ಮ ದೇಶದಲ್ಲಿ ಬೀಡಿ ಸೇದುವ ದುಡಿಯುವ ಜನರಲ್ಲಿ ಕಾಣುತ್ತದೆ.

ಇದಕ್ಕೆ ಮುಖ್ಯ ಔಷಧಿ ಒಂದೇ, ತಂಬಾಕನ್ನು ಪೂರ್ತಿ ಬಿಡುವುದು. ಬಿಟ್ಟವರಲ್ಲಿ ಕಾಲು ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ. ಬಿಡದಿದ್ದರೆ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಇನ್ನೊಂದು ಕಾಲು ಅಂತ ಹೋಗುತ್ತದೆ. ದಿನಕ್ಕೆ ಒಂದೆರಡು ಸೇದಿದರೂ ಕಾಯಿಲೆ ಉಳಿದುಕೊಳ್ಳುತ್ತದೆ. ಇವರಿಗೆ ನಿಕೋಟಿನ್ ಚೂಯಿಂಗ್ ಗಮ್ ಕೂಡ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಮಗನನ್ನು ಬೈಯಬೇಡಿ, ಜೊತೆಗೆ ಕರೆದುಕೊಂಡು ಈಗಲೇ ಹೊರಡಿ.

ಮೂವತ್ತು ವರ್ಷದಿಂದ ಸೇದಿದ್ದೀನಿ. ಈಗ ಬಿಟ್ಟು ಏನು ಪ್ರಯೋಜನ?

ಇದೆ, ಖಂಡಿತ ಇದೆ. ಒಂದೆರಡು ದಿನದಲ್ಲೇ ರಕ್ತದಿಂದ ಕಾರ್ಬನ್ ಮಾನಾಕ್ಸೈಡ್ ಹೊರಟುಹೋಗುತ್ತದೆ, ಅದೇ ರಕ್ತ ಪಾದಕ್ಕೆ ಜಾಸ್ತಿ ಆಕ್ಸಿಜನ್ ಒಯ್ಯುತ್ತದೆ. ಗಾಯ ಮಾಯಲು ಇದು ನೇರವಾಗಿ ಸಹಾಯ. ನಾಳದ ಹಳೆಯ ಹಾನಿ ಇಳಿಯಲು ವರ್ಷಗಳೇ ಬೇಕು, ಆದರೆ ಬಿಟ್ಟ ದಿನದಿಂದ ಅಪಾಯ ಇಳಿಯುತ್ತಾ ಹೋಗುತ್ತದೆ. ಕಾಲಿಗೆ ಬೈಪಾಸ್ ಮಾಡಿಸಿಕೊಂಡವರು ಆಮೇಲೂ ಸೇದಿದರೆ ಹಾಕಿದ ನಾಳ ಮುಚ್ಚಿಹೋಗುವ ಸಾಧ್ಯತೆ ಸುಮಾರು ಮೂರು ಪಟ್ಟು. ಲಕ್ಷಗಟ್ಟಲೆ ಖರ್ಚಿನ ಆಪರೇಷನ್ ಒಂದು ಬೀಡಿಯಿಂದ ಹಾಳಾಗುವುದನ್ನು ನೋಡಲಾಗುವುದಿಲ್ಲ.

ಬಿಡುವುದು ಕಷ್ಟ ಅಂತ ನನಗೆ ಗೊತ್ತು. ಮನಸ್ಸು ಗಟ್ಟಿ ಇಲ್ಲ ಅಂತ ಯಾರನ್ನೂ ಹೀಯಾಳಿಸಬೇಡಿ, ಅದು ಮೆದುಳಿಗೆ ಹಿಡಿದ ಚಟ. ನಿಕೋಟಿನ್ ಗಮ್, ಪಟ್ಟಿ, ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆ ಇವೆ, ಡಾಕ್ಟರು ನೋಡಿ ಕೊಡುತ್ತಾರೆ. ತಂಬಾಕಿನ ಪೊಟ್ಟಣಗಳ ಮೇಲೆ 1800-11-2356 ಅಂತ ಒಂದು ನಂಬರ್ ಇರುತ್ತದೆ. ಅದು ತಂಬಾಕು ಬಿಡಿಸಲು ಸರ್ಕಾರ ನಡೆಸುವ ಉಚಿತ ಸಹಾಯವಾಣಿ. ಬಿಟ್ಟ ಮೊದಲ ವಾರಗಳಲ್ಲಿ ಹಸಿವು ಜಾಸ್ತಿಯಾಗಿ ಶುಗರ್ ಸ್ವಲ್ಪ ಏರಬಹುದು. ಬಾಯಿ ಚಪಲಕ್ಕೆ ಸಂಜೆ ಮಂಡಕ್ಕಿ ಮಿರ್ಚಿ ಕಡೆ ಕೈ ಹೋಗುತ್ತದೆ. ಆ ದಿನಗಳಲ್ಲಿ ಶುಗರ್ ಎರಡು ಸಲ ಜಾಸ್ತಿ ನೋಡಿಸಿಕೊಳ್ಳಿ, ಮತ್ತೆ ಬೀಡಿಗೆ ಹೋಗಬೇಡಿ.

ಎರಡರಲ್ಲಿ ಮೊದಲು ಯಾವುದನ್ನು ನೋಡಿಕೊಳ್ಳಲಿ, ಶುಗರ್ರಾ ಬೀಡಿಯಾ?

ಒಟ್ಟಿಗೇ. ಆದರೂ ಒಂದನ್ನು ಹೇಳಿ ಅಂತ ಹಟ ಹಿಡಿದರೆ ಬೀಡಿ ಅನ್ನುತ್ತೇನೆ. ಶುಗರ್ ಅನ್ನು ಹತೋಟಿಯಲ್ಲಿ ಇಡಬಹುದು ಅಷ್ಟೇ, ಬೀಡಿಯನ್ನು ಪೂರ್ತಿ ಇಲ್ಲವಾಗಿಸಬಹುದು.

ಶುಗರ್ ಗುರಿ ಬಹಳಷ್ಟು ಜನರಿಗೆ ಎಚ್‌ಬಿಎ1ಸಿ 7ಕ್ಕಿಂತ ಕೆಳಗೆ. ತುಂಬಾ ವಯಸ್ಸಾದವರಿಗೆ, ಪದೇ ಪದೇ ಶುಗರ್ ಇಳಿದು ತಲೆ ಸುತ್ತುವವರಿಗೆ ಡಾಕ್ಟರು ಸ್ವಲ್ಪ ಸಡಿಲ ಬಿಡುತ್ತಾರೆ. ಬಿ.ಪಿ. 130/80ರ ಒಳಗೆ. ಕೆಟ್ಟ ಕೊಲೆಸ್ಟ್ರಾಲ್ ಅಂದರೆ ಎಲ್.ಡಿ.ಎಲ್. 70ಕ್ಕಿಂತ ಕೆಳಗೆ.

ನಡೆದರೆ ನೋವು. ಹಾಗಿದ್ದರೂ ನಡೆಯಬೇಕಾ?

ನಡೆಯಬೇಕು, ಪಾದದಲ್ಲಿ ಗಾಯ ಇಲ್ಲದಿದ್ದರೆ ಮತ್ತು ಡಾಕ್ಟರು ಹೃದಯ ನೋಡಿ ಒಪ್ಪಿದರೆ. ನಡೆಯುವುದೇ ಈ ಕಾಯಿಲೆಗೆ ಒಂದು ಚಿಕಿತ್ಸೆ. ನೋವು ಶುರುವಾಗಿ ಸಾಕಷ್ಟು ಜೋರಾಗುವವರೆಗೆ ನಡೆಯಿರಿ, ನಿಲ್ಲಿ, ಪೂರ್ತಿ ಬಿಟ್ಟ ಮೇಲೆ ಮತ್ತೆ ನಡೆಯಿರಿ. ನಿಲ್ಲುವ ಹೊತ್ತೂ ಸೇರಿ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, 12 ವಾರ ಬಿಡದೆ. ನಾಳ ತೆರೆಯುವುದಿಲ್ಲ, ಆದರೆ ಸ್ನಾಯು ಇದ್ದ ರಕ್ತದಲ್ಲೇ ದುಡಿಯುವುದನ್ನು ಕಲಿಯುತ್ತದೆ. ನಿಲ್ಲದೆ ನಡೆಯುವ ದೂರ ಬೆಳೆಯುತ್ತದೆ.

ಕುಂದವಾಡ ಕೆರೆ ಏರಿ ಇದಕ್ಕೆ ಒಳ್ಳೆಯ ಜಾಗ, ಸಮತಟ್ಟಾಗಿದೆ, ಬೆಳಗ್ಗೆ ಜೊತೆಗೆ ಜನ ಇರುತ್ತಾರೆ. ಹವಾಯಿ ಚಪ್ಪಲಿ ಬೇಡ. ಮುಂದೆ ಅಗಲ ಇರುವ ಶೂ, ಹತ್ತಿಯ ಸಾಕ್ಸ್ ಹಾಕಿ. ಹಾಕುವ ಮುಂಚೆ ಶೂ ಒಳಗೆ ಕೈ ಆಡಿಸಿ ಕಲ್ಲು, ಮೊಳೆ ಇಲ್ಲ ಅಂತ ನೋಡಿ. ಗಾಯ ಇದ್ದರೆ ಇದ್ಯಾವುದೂ ಬೇಡ. ಆ ಪಾದದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದೇ ಆಗ ಚಿಕಿತ್ಸೆ.

ಮಾತ್ರೆಯಿಂದ ಹೋಗುತ್ತಾ?

ಕಟ್ಟಿದ್ದನ್ನು ಕರಗಿಸುವ ಮಾತ್ರೆ ಇಲ್ಲ. ಆದರೆ ಮಾತ್ರೆ ಬಿಟ್ಟರೆ ಅಪಾಯ. ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಸ್ಟಾಟಿನ್ ಕೊಬ್ಬು ಇಳಿಸಿ, ನಾಳದಲ್ಲಿ ಕಟ್ಟಿರುವ ಕೊಬ್ಬಿನ ಗಂಟು ಒಡೆಯದಂತೆ ಕಾಯುತ್ತದೆ. ಕೊಲೆಸ್ಟ್ರಾಲ್ ರಿಪೋರ್ಟ್ ನಾರ್ಮಲ್ ಬಂತು ಅಂತ ಸ್ಟಾಟಿನ್ ನಿಲ್ಲಿಸಿಬಿಡುವವರು ತುಂಬಾ ಜನ. ನಾರ್ಮಲ್ ಬಂದಿರುವುದು ಆ ಮಾತ್ರೆಯಿಂದಲೇ. ನಡೆಯುವ ದೂರ ಹೆಚ್ಚಿಸಲು ಸಿಲೋಸ್ಟಜಾಲ್ ಅನ್ನುವ ಮಾತ್ರೆ ಇದೆ. ಹಾರ್ಟ್ ಫೇಲ್ಯೂರ್ ಇರುವವರಿಗೆ ಅದನ್ನು ಕೊಡಬಾರದು, ಆದ್ದರಿಂದ ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರಬೇಡಿ.

ಸ್ಟೆಂಟ್, ಬೈಪಾಸ್ ಯಾವಾಗ?

ಮಾತ್ರೆ, ನಡಿಗೆ ಮಾಡಿದರೂ ದುಡಿಮೆಗೆ ಅಡ್ಡಿಯಾಗುವಷ್ಟು ನೋವು ಇದ್ದಾಗ. ಮಲಗಿದರೂ ನೋವು, ಮಾಯದ ಗಾಯ, ಕಪ್ಪಾದ ಬೆರಳು ಇದ್ದರೆ ತಡಮಾಡದೆ. ಬಲೂನ್ ಹಾಕಿ ಹಿಗ್ಗಿಸುತ್ತಾರೆ, ಬೇಕಾದರೆ ಸ್ಟೆಂಟ್ ಇಡುತ್ತಾರೆ. ಇಲ್ಲವಾದರೆ ನಿಮ್ಮದೇ ಕಾಲಿನ ಚರ್ಮದ ಕೆಳಗಿರುವ, ರಕ್ತ ವಾಪಸ್ ಒಯ್ಯುವ ನಾಳವೊಂದನ್ನು ತೆಗೆದು ಕಟ್ಟಿದ ಜಾಗ ದಾಟಿಸಿ ಜೋಡಿಸುತ್ತಾರೆ. ತೊಡೆಯಲ್ಲಿ ಕಟ್ಟಿದ್ದರೆ ಸ್ವಲ್ಪ ಸುಲಭ, ಮಂಡಿ ಕೆಳಗಿನದು ಕಷ್ಟ.

ಸಣ್ಣ ಗಾಯ ಆಗಿದೆ. ಅರಿಶಿನ ಹಚ್ಚಿದ್ದೇವೆ, ಸಾಲದಾ?

ಸಾಲದು. ಸ್ವಚ್ಛ ನೀರಲ್ಲಿ ತೊಳೆದು, ಶುಭ್ರ ಬಟ್ಟೆ ಮುಚ್ಚಿ, ಆ ದಿನ ಅಥವಾ ಮರುದಿನವೇ ತೋರಿಸಿ. ಅರಿಶಿನ, ಸುಣ್ಣ, ಸೊಪ್ಪಿನ ರಸ, ಕಾಫಿಪುಡಿ ಏನೂ ಬೇಡ. ಅವು ಗಾಯದ ತಳವನ್ನು ಮುಚ್ಚಿಬಿಡುತ್ತವೆ, ಒಳಗೆ ಕೀವು ಹರಡುವುದು ಕಾಣುವುದಿಲ್ಲ. ಬಿಸಿನೀರಲ್ಲಿ ಕಾಲು ಅದ್ದುವುದು, ಬಿಸಿನೀರಿನ ಚೀಲ ಇಡುವುದು ದೊಡ್ಡ ಅನಾಹುತ. ನನ್ನ ಹತ್ತಿರ ಬರುವ ಸುಟ್ಟ ಗಾಯಗಳಲ್ಲಿ ಇವೇ ಜಾಸ್ತಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ, ಆಣಿ ಕರಗಿಸುವ ಪಟ್ಟಿಯನ್ನೂ ಅಂಟಿಸಬೇಡಿ, ಅದರಲ್ಲಿ ಆಸಿಡ್ ಇರುತ್ತದೆ.

ಗಾಯಕ್ಕೆ ಡ್ರೆಸಿಂಗ್ ಮಾತ್ರ ಮಾಡುತ್ತಾ ವಾರಗಟ್ಟಲೆ ಕಳೆಯುತ್ತಿದ್ದರೆ ಕೇಳಿ, "ಕಾಲಿಗೆ ರಕ್ತ ಬರ್ತಿದೆಯಾ ಅಂತ ನೋಡಿದ್ದೀರಾ?" ರಕ್ತ ಬಾರದ ಗಾಯಕ್ಕೆ ಎಷ್ಟು ದುಬಾರಿ ಮುಲಾಮು ಹಚ್ಚಿದರೂ ಅಷ್ಟೇ. ಡ್ರೆಸಿಂಗ್ ಮಾಡುವ ನಾನೇ ಇದನ್ನು ಹೇಳುತ್ತಿದ್ದೇನೆ.

ಜಾತ್ರೆಗೆ ಬರಿಗಾಲಲ್ಲಿ ಹೋಗುವ ಹರಕೆ ಇದೆ.

ದುಗ್ಗಮ್ಮನ ಜಾತ್ರೆಗೂ ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಗೂ ಹೋಗಿ ಬಂದವರ ಅಂಗಾಲು ನಾನು ನೋಡಿದ್ದೇನೆ. ಬೇಸಿಗೆಯ ಡಾಂಬರು ಕಾದಿರುತ್ತದೆ, ಸ್ಪರ್ಶ ಇಲ್ಲದ ಪಾದಕ್ಕೆ ಅದು ಗೊತ್ತಾಗುವುದಿಲ್ಲ, ಸಂಜೆ ಅಂಗಾಲು ಪೂರ್ತಿ ಬೊಬ್ಬೆ. ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ಶುಗರ್ ಇರುವವರು ಗುಡಿಯ ಬಾಗಿಲವರೆಗೂ ಚಪ್ಪಲಿ ಹಾಕಿಕೊಂಡೇ ಹೋಗಿ, ಒಳಗೆ ಸಾಕ್ಸ್ ಹಾಕಿ, ಬಿಸಿಲೇರುವ ಮುಂಚೆ ದರ್ಶನ ಮುಗಿಸಿ. ಕೆಂಡ ಹಾಯುವುದಂತೂ ಬೇಡವೇ ಬೇಡ.

ಯಾವಾಗ ಒಂದು ಗಂಟೆಯೂ ಕಾಯಬಾರದು?

ಇದ್ದಕ್ಕಿದ್ದಂತೆ ಒಂದು ಕಾಲು ತಣ್ಣಗಾಗಿ, ಬಿಳಿಚಿಕೊಂಡು, ತಡೆಯಲಾರದ ನೋವು ಬಂದು, ಬೆರಳು ಆಡಿಸಲು ಆಗದೆ, ಜೋಮು ಹಿಡಿದರೆ. ದೊಡ್ಡ ನಾಳ ಪೂರ್ತಿ ಮುಚ್ಚಿದೆ ಅಂತ ಅರ್ಥ. ಸುಮಾರು 6 ಗಂಟೆಯೊಳಗೆ ರಕ್ತ ಹರಿಯದಿದ್ದರೆ ಕಾಲು ಉಳಿಸುವುದು ಕಷ್ಟ. ಕಾಲು ತಿಕ್ಕುತ್ತಾ ಕೂರಬೇಡಿ, ಶಾಖ ಕೊಡಬೇಡಿ, 108ಕ್ಕೆ ಫೋನ್ ಮಾಡಿ.

ಗಾಯದ ಜೊತೆ ಜ್ವರ, ಚಳಿ, ಕೆಂಪು ಮೇಲಕ್ಕೆ ಹರಡುವುದು, ಶುಗರ್ ಎಷ್ಟು ಮಾಡಿದರೂ ಇಳಿಯದೇ ಇರುವುದು ಕಂಡರೂ ಅಂದೇ ಆಸ್ಪತ್ರೆ ಸೇರಬೇಕು.

ಕಾಲು ತೆಗೆಯಬೇಕು ಅಂದಿದ್ದಾರೆ. ಬೇರೆ ದಾರಿ ಇಲ್ವಾ?

ಕೀವು ಮೈಗೆಲ್ಲ ಏರುತ್ತಿದ್ದರೆ, ಪ್ರಾಣಕ್ಕೆ ಅಪಾಯ ಇದ್ದರೆ, ಡಾಕ್ಟರ ಮಾತು ಕೇಳಿ. ಅಲ್ಲಿ ತಡ ಮಾಡುವುದು ತಪ್ಪು. ಅಷ್ಟು ಅವಸರ ಇಲ್ಲದಿದ್ದರೆ ಒಂದು ಪ್ರಶ್ನೆ ಕೇಳುವುದು ನಿಮ್ಮ ಹಕ್ಕು: ನಾಳ ತೆರೆಯಲು ಆಗುತ್ತಾ ಅಂತ ರಕ್ತನಾಳದ ಡಾಕ್ಟರು ನೋಡಿದ್ದಾರಾ? ರಕ್ತ ತಂದುಕೊಟ್ಟ ಮೇಲೆ ಮಂಡಿ ಕೆಳಗೆ ತೆಗೆಯಬೇಕಿದ್ದದ್ದು ಒಂದೆರಡು ಬೆರಳಿಗೆ ಮುಗಿಯುವುದೂ ಉಂಟು. ತೆಗೆಯಲೇಬೇಕಾಗಿ ಬಂದರೂ ಮಂಡಿ ಉಳಿದರೆ ಕೃತಕ ಕಾಲಿನಲ್ಲಿ ನಡೆಯುವುದು ಎಷ್ಟೋ ಸುಲಭ. ಆಮೇಲೆ ಉಳಿದ ಕಾಲನ್ನು ಇನ್ನೂ ಜೋಪಾನ ಮಾಡಬೇಕು.

ಎಲ್ಲಿಗೆ ಹೋಗಬೇಕು, ದುಡ್ಡು ಎಷ್ಟಾಗುತ್ತದೆ?

ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆ ಅಥವಾ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಶುಗರ್, ಬಿ.ಪಿ.ಗೆ ಎನ್.ಸಿ.ಡಿ. ವಿಭಾಗ ಇರುತ್ತದೆ, ಶುಗರ್ ಮಾತ್ರೆ ಅಲ್ಲಿ ಉಚಿತ. ಊರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ತೋರಿಸಬಹುದು. ನಾಳದ ಆಪರೇಷನ್‌ಗೆ ಬೆಂಗಳೂರಿಗೆ ಕಳಿಸಬಹುದು.

ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು ಸರ್ಕಾರ ಕೊಡುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತು ಇದ್ದರೆ ಬೇರೆ. ನೇರ ಹೋಗಿ ಸೇರಿಕೊಂಡು ಆಮೇಲೆ ಕಾರ್ಡ್ ತೋರಿಸಿದರೆ ಕಷ್ಟವಾಗುತ್ತದೆ.

ಹೋಗುವಾಗ ರೇಷನ್ ಕಾರ್ಡ್, ಆಧಾರ್, ಹಳೆಯ ಚೀಟಿಗಳು, ತೆಗೆದುಕೊಳ್ಳುವ ಎಲ್ಲ ಮಾತ್ರೆ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಡಾಕ್ಟರು ಕೇಳದಿದ್ದರೂ ಎರಡೂ ಕಾಲಿನ ಚಪ್ಪಲಿ, ಸಾಕ್ಸ್ ತೆಗೆದು ಪಾದ ತೋರಿಸಿ, ಬೆರಳ ಸಂದಿಯನ್ನೂ ಬಿಡಿಸಿ ತೋರಿಸಿ. ದಿನಕ್ಕೆ ಎಷ್ಟು ಬೀಡಿ ಅಂತ ಕೇಳಿದಾಗ ಸರಿಯಾದ ಲೆಕ್ಕ ಹೇಳಿ. ಮತ್ತು ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ದಿನಾ ಮೆಟ್ಟುವುದನ್ನೇ ಮೆಟ್ಟಿಕೊಂಡು ಹೋಗಿ. ಅದರ ಅಟ್ಟೆ ಎಲ್ಲಿ ಸವೆದಿದೆ ಅಂತ ನೋಡಿದರೆ ಪಾದದ ಯಾವ ಜಾಗಕ್ಕೆ ಜಾಸ್ತಿ ಭಾರ ಬೀಳುತ್ತಿದೆ, ಮುಂದೆ ಗಾಯ ಎಲ್ಲಿ ಆಗಬಹುದು ಅಂತ ನಮಗೆ ಗೊತ್ತಾಗುತ್ತದೆ.